ಟ್ವುಮಾಸಿ ಮಾಸ್ಟರ ಶೆಡ್ಡಿನಲ್ಲೊಂದು ಸಾವು

ಕುಮಾಸಿಯಲ್ಲಿ ನನ್ನಷ್ಟು ತಾಳ್ಮೆಯ ಮನುಷ್ಯ ಇನ್ನೊಬ್ಬನಿಲ್ಲ. ಇದು ನಾನು ಹೇಳುವ ಮಾತಲ್ಲ, ಊರೇ ಹೇಳುತ್ತದೆ. ಊರು ಮರೆತ ದಿನ ಮಾತ್ರ ನಾನು ನೆನಪಿಸುತ್ತೇನೆ. ಹೆಸರು ಅಕ್ವಾಸಿ ದಪಾ. ಹತ್ತೊಂಬತ್ತು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ನಾನು ಹಾರ್ನ್ ಒತ್ತಿದರೆ ಮಾರುಕಟ್ಟೆಯ ಕೋಳಿಗಳು ಬಲಗಡೆ ಸರಿದು ಸಾಲಾಗಿ ನಿಲ್ಲುತ್ತವೆ.

ನನ್ನ ಟ್ಯಾಕ್ಸಿಯ ಹೆಸರು ಅಡ್ವೊವಾ. ಸೋಮವಾರ ನನ್ನ ಕೈ ಸೇರಿದಳು. ಸೋಮವಾರ ಹುಟ್ಟಿದ ಹೆಣ್ಣಿಗೆ ನಮ್ಮಲ್ಲಿ ಬೇರೆ ಹೆಸರಿಡುವುದುಂಟೆ? ನಾಲ್ಕು ಮೂಲೆಗೆ ಹಳದಿ ಬಣ್ಣ, ಹಿಂದಿನ ಗಾಜಿನ ಮೇಲೆ ಕೆಂಪಕ್ಷರದಲ್ಲಿ 'ನನ್ನ ಮುಂದೆ ಯಾರು?' ಎಂಬ ಬರಹ. ಅದು ಬರೀ ಜಂಬವಲ್ಲ. ನಮ್ಮ ನಿಲ್ದಾಣದ ಸಾಲಿನಲ್ಲಿ ಮೊದಲನೆಯ ಜಾಗ ನನ್ನದು. ಬೆಳಗಿನ ಮೊದಲ ಪ್ರಯಾಣಿಕರು ನನ್ನವರು. ಆ ಜಾಗಕ್ಕಾಗಿ ನಾನು ಹನ್ನೊಂದು ವರ್ಷ ಒಂದೊಂದೇ ಹೆಜ್ಜೆ ಮುಂದೆ ಸರಿದಿದ್ದೇನೆ. ಅಷ್ಟು ಹೊತ್ತಿನಲ್ಲಿ ನಡೆದೇ ಹೊರಟಿದ್ದರೆ ಮೆಕ್ಕಾ ಮುಟ್ಟಿ, ರೋಮಿಗೂ ಹೋಗಿ ಬರಬಹುದಿತ್ತು.

ಅಂಥ ಅಡ್ವೊವಾಳ ಮೇಲೆ ಒಂದು ದಿನ ಯಾಮ್ ಗೆಡ್ಡೆ ತುಂಬಿದ ಲಾರಿ ಹಿಂದಕ್ಕೆ ಬಂದು ಕೂತುಬಿಟ್ಟಿತು. ಲಾರಿಗೇ ಹೆಚ್ಚು ಪೆಟ್ಟಾಯಿತು ಅನ್ನಿ, ಆದರೂ ಅಡ್ವೊವಾಳ ಎಡಗೆನ್ನೆ ಒಳಗೆ ಹೋಯಿತು, ಬಾಗಿಲು ಮಡಚಿತು, ಕಣ್ಣೊಂದು ಒಡೆಯಿತು. ಮೆಲ್ಲಗೆ ತಳ್ಳಿಕೊಂಡು ಸುವಾಮೆ ಮ್ಯಾಗಜೀನಿಗೆ, ಅಂದರೆ ನಮ್ಮೂರ ಗ್ಯಾರೇಜುಗಳ ಕೇರಿಗೆ, ಒಯ್ದೆ. ಅಲ್ಲಿ ಸುತ್ತಿಗೆ ಹಿಡಿದವರ ಸಂಖ್ಯೆ ಆಕಾಶದ ನಕ್ಷತ್ರಕ್ಕಿಂತ ಎರಡು ಮೂರು ಹೆಚ್ಚೇ ಇರಬಹುದು. ಅವರಲ್ಲೆಲ್ಲ ಕೈಚಳಕದ ರಾಜ ಟ್ವುಮಾಸಿ ಮಾಸ್ಟರ್. ಅವನು ತಟ್ಟಿ ಸರಿ ಮಾಡಿದ ತಗಡನ್ನು ಇರುವೆ ಹತ್ತಲಾರದು, ಅಷ್ಟು ನುಣುಪು.

"ಎಷ್ಟು ದಿನ ಮಾಸ್ಟ್ರೇ?" ಎಂದೆ.

ಅವನು ಬಾಗಿಲನ್ನು ಬೆರಳಲ್ಲಿ ತಟ್ಟಿ, ವೈದ್ಯನಂತೆ ಕಿವಿಗೊಟ್ಟು ಕೇಳಿದ. "ಮೂರು ದಿನ ಕಣಪ್ಪಾ. ನಾಳೆ ಒಂದ್ಸಲ ಬಾ."

ನಾಳೆ ಹೋದೆ. ಕರೆಂಟಿಲ್ಲ, ಬಣ್ಣ ಹೊಡೆಯುವ ಯಂತ್ರ ಓಡುವುದಿಲ್ಲ, ನಾಳೆ ಬಾ ಎಂದ. ಮಾರನೆಯ ದಿನ ಕರೆಂಟಿತ್ತು, ಮರುಭೂಮಿಯ ಧೂಳುಗಾಳಿಯೂ ಇತ್ತು. ಹಸಿ ಬಣ್ಣಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ನಾಳೆ ಬಾ ಎಂದ. ಧೂಳು ನಿಂತ ದಿನ ಅವನೇ ಇರಲಿಲ್ಲ, ಸಾವಿನ ಮನೆಗೆ ಹೋಗಿದ್ದ. ಶನಿವಾರ ಬಂತೆಂದರೆ ಕೆಂಪು-ಕಪ್ಪು ಬಟ್ಟೆ ಹೊದ್ದು ಹೊರಟೇಬಿಡುತ್ತಿದ್ದ. ಶುಕ್ರವಾರ ಆ ಬಟ್ಟೆ ಇಸ್ತ್ರಿ ಮಾಡಿಸಬೇಕು, ಭಾನುವಾರ ಸುಧಾರಿಸಿಕೊಳ್ಳಬೇಕು. ಎಪ್ಪತ್ತೊಂದು ಸಲ 'ನಾಳೆ ಬಾ' ಎಂದಿದ್ದಾನೆ. ಎಣಿಸಿದ್ದೇನೆ. ಎಣಿಸದೇ ಬಿಟ್ಟದ್ದು ಇನ್ನೂರಾದರೂ ಇದ್ದೀತು.

ಇತ್ತ ಅಡ್ವೊವಾಳ ಬಂಪರು ಶೆಡ್ಡಿನ ಮುಂದೆ ಬೆಂಚಾಗಿತ್ತು. ಬಾಗಿಲ ನೆರಳಲ್ಲಿ ಕೋಳಿಯೊಂದು ಮೊಟ್ಟೆಯಿಟ್ಟು, ಮರಿ ಮಾಡಿ, ಆ ಮರಿಗಳು ದೊಡ್ಡವಾಗಿ ಅವೂ ಮೊಟ್ಟೆಯಿಡತೊಡಗಿದ್ದವು. ಉಳಿದಿದ್ದ ಬಲಗಣ್ಣು ಒಂದು ದಿನ ಬೇರೊಂದು ಕಾರಿನ ಮುಖದಲ್ಲಿ ನನ್ನೆದುರಿಗೇ ಹಾದುಹೋಯಿತು. ನನ್ನನ್ನು ಗುರುತು ಹಿಡಿದು ಮಿಟುಕಿಸಿತು ಕೂಡ.

ನನ್ನ ಎದೆ ಕುಟ್ಟುತ್ತಿದ್ದುದು ಇದಕ್ಕಲ್ಲ. ನಿಲ್ದಾಣದ ನಿಯಮಕ್ಕೆ. ನಮ್ಮ ಅಧ್ಯಕ್ಷರು ಒಪಾನಿನ್ ಅಡುಸೆ, ನಿಯಮದ ಪುಸ್ತಕವನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗುವ ಹಿರಿಯರು. ಅವರು ನನ್ನನ್ನು ಕರೆದು ಓದಿ ಹೇಳಿದರು. ಸಾಲಿಗೆ ತೊಂಬತ್ತು ದಿನ ಬಾರದ ಕಾರಿನ ಜಾಗ ಅದರ ಹಿಂದಿನವನಿಗೆ. ಕಾಯಿಲೆ ನೆಪವಲ್ಲ, ಜೈಲು ನೆಪವಲ್ಲ. ಮನೆಯಲ್ಲಿ ಸಾವಾಗಿದ್ದರೆ ಮಾತ್ರ ನಲವತ್ತು ದಿನ ಜಾಗ ಮುಟ್ಟುವಂತಿಲ್ಲ.

"ನಿಮ್ಮನೇಲಿ ಎಲ್ಲಾ ಚೆನ್ನಾಗಿದಾರಲ್ಲ?" ಎಂದರು.

"ಚೆನ್ನಾಗಿದಾರೆ ಯಜಮಾನ್ರೇ, ಏನ್ ಮಾಡೋದು," ಎಂದೆ.

ನನ್ನ ಹಿಂದಿನವನು ಬೆಡಿಯಾಕೊ. ಎಂಟು ವರ್ಷ ನನ್ನ ಹಿಂದಿನ ಗಾಜನ್ನೇ ನೋಡುತ್ತ ಕೂತವನು. ಈಗ ದಿನಾ ಬೆಳಿಗ್ಗೆ ನನ್ನ ಖಾಲಿ ಜಾಗವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ.

"ಏನ್ ದಪಾ, ನಿನ್ ಹೆಂಡ್ತಿ ತವರಿಂದ ಬರ್ಲೇ ಇಲ್ವಾ? ಮಾಸ್ಟರ್ ಜೊತೆ ಸಂಸಾರ ಹೂಡಿದ್ಲೋ ಏನೋ ನೋಡಪ್ಪಾ!"

"ಬರ್ತಾಳೆ ಕಣೋ. ನಿನ್ ಡಬ್ಬದ ಹಾಗೆ ದಾರೀಲಿ ಕೆಮ್ಮೋಳಲ್ಲ ಅವಳು."

"ಇನ್ನೊಂದು ವಾರ. ಆಮೇಲೆ ನಾನು ಮುಂದೆ, ನೀನು ನನ್ ಹೊಗೆ ಕುಡೀತಾ ಹಿಂದೆ. ಅದೂ ಸಾಲಿನ ಕೊನೇಲಿ!"

ಎಂಬತ್ತೆರಡನೆಯ ದಿನ ಅಕ್ಕ ಅಫಿಯಾ ಕೊನಾಡುವಿನ ಅಂಗಡಿಯಲ್ಲಿ ಕೂತು, ಅವಳ ವಾಚೆಯನ್ನು, ಅಂದರೆ ಅಲಸಂದೆ ಹಾಕಿದ ಅನ್ನವನ್ನು, ಕಣ್ಣೀರಿನೊಂದಿಗೆ ನುಂಗುತ್ತಿದ್ದೆ. ಅಕ್ಕನ ಗಂಟಲು ಅಂಥಿಂಥದ್ದಲ್ಲ. ಊರಿನ ಸಾವಿನ ಮನೆಗಳಲ್ಲಿ ಮೈಕು ಹಿಡಿದು, ಯಾರು ಏನು ಕೊಟ್ಟರೆಂದು ಕೂಗುವವಳು ಅವಳೇ. ಮೈಕು ಕೈಕೊಟ್ಟರೂ ಗೊತ್ತಾಗುವುದಿಲ್ಲ.

"ಆ ಮಾಸ್ಟರ್ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದೋನಲ್ಲ," ಎಂದಳು ಅಕ್ಕ, "ತನ್ ಮದುವೆಗೇ ಮಾರನೇ ದಿನ ಬಂದ. ಆದ್ರೆ ಸಾವಿನ ಮನೇಲಿ ನೋಡು, ಹೆಣಕ್ಕಿಂತ ಮುಂಚೆ ಬಂದು ಕೂತಿರ್ತಾನೆ."

ಅನ್ನದ ತಟ್ಟೆ ತಾನಾಗಿ ಪಕ್ಕಕ್ಕೆ ಸರಿಯಿತು. ದೊಡ್ಡ ತಲೆಗಳಲ್ಲಿ ದೊಡ್ಡ ಯೋಚನೆ ಹುಟ್ಟುವಾಗ ಹೀಗೇ ಆಗುವುದು.

"ಅಕ್ಕಾ, ಹಾಗಾದ್ರೆ ಸಾವನ್ನೇ ಅವನ ಮನೆಬಾಗಿಲಿಗೆ ಒಯ್ಯೋಣ."

ಎರಡೇ ದಿನದಲ್ಲಿ ಸುವಾಮೆಯ ಗೋಡೆಗೋಡೆಯಲ್ಲೂ ಪೋಸ್ಟರು. ನಮ್ಮೂರಲ್ಲಿ ಯಾರು ಸತ್ತರೂ ಆಳೆತ್ತರದ ಬಣ್ಣದ ಪೋಸ್ಟರು ಅಂಟಿಸಲೇಬೇಕಲ್ಲ, ಇದೂ ಹಾಗೆಯೇ. ನಡುವೆ ಅಡ್ವೊವಾಳ ಚಿತ್ರ, ತೊಳೆದು ಒರೆಸಿದ ಕಾಲದ್ದು, ಮದುಮಗಳಂತೆ. ಮೇಲೆ ದಪ್ಪಕ್ಷರದಲ್ಲಿ 'ಎಂಥ ಆಘಾತ!' ಕೆಳಗೆ ಹೀಗಿತ್ತು:

'ಇಪ್ಪತ್ತೆರಡರ ಹರೆಯದಲ್ಲೇ ನಮ್ಮನ್ನಗಲಿದ ಟ್ಯಾಕ್ಸಿ ಅಡ್ವೊವಾ. ದೀರ್ಘಕಾಲದ ನಿರ್ಲಕ್ಷ್ಯದ ನಂತರ ನಿಧನ. ಪಾರ್ಥಿವ ಶರೀರದ ದರ್ಶನ: ಈ ಶನಿವಾರ, ಮಾಸ್ಟರ್ ಟ್ವುಮಾಸಿಯವರ ಶೆಡ್ಡಿನಲ್ಲಿ. ದುಃಖತಪ್ತ ಗಂಡ: ಅಕ್ವಾಸಿ ದಪಾ. ಮುಖ್ಯ ಶೋಕಾರ್ತರು: ಮಾಸ್ಟರ್ ಟ್ವುಮಾಸಿ.'

ಮಾಸ್ಟರ್ ಪೋಸ್ಟರನ್ನು ಕಿತ್ತುಕೊಂಡು ನಮ್ಮ ಮನೆಗೇ ಬಂದ. ಮೂಗಿನ ಹೊಳ್ಳೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಅದರಲ್ಲಿ ಎರಡು ಕಾರಿನ ಬಣ್ಣ ಒಣಗಿಸಬಹುದಿತ್ತು.

"ಏನಯ್ಯಾ ಇದು? ನನ್ನ ಶೆಡ್ಡಲ್ಲಿ ಕಾರು ಸಾಯುತ್ತಾ?"

"ಬದುಕಿದ್ರೆ ಎಬ್ಬಿಸಿ ಕಳಿಸಿ ಮಾಸ್ಟ್ರೇ."

"ನಾಳೆ..." ಎಂದವನು ಅಲ್ಲಿಗೇ ನಿಲ್ಲಿಸಿದ. "ಮುಖ್ಯ ಶೋಕಾರ್ತ ನಾನ್ಯಾಕೆ? ನೀನೇ ಅಲ್ವಾ?"

"ಕೊನೆಗಾಲದಲ್ಲಿ ಹತ್ರ ಇದ್ದೋರು ನೀವೇ ಅಲ್ವಾ? ಬೇಡ ಅಂದ್ರೆ ಆ ಜಾಗಕ್ಕೆ ಪಕ್ಕದ ಶೆಡ್ಡಿನವರನ್ನ ಕೇಳ್ತೀನಿ ಬಿಡಿ."

ಸಾವಿನ ಮನೆಯ ಮುಂದಿನ ಕುರ್ಚಿ ಪಕ್ಕದ ಶೆಡ್ಡಿನವನಿಗೆ! ಟ್ವುಮಾಸಿ ಪೋಸ್ಟರನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟ. "ಕುರ್ಚಿಗೆ ಕೈ ಇರೋದು ಹಾಕ್ಸು," ಎಂದು ಹೊರಟ.

ಶನಿವಾರ ಬಂದ ಜನ ಎಷ್ಟೆಂದು ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ಅರ್ಧ ಮಾತ್ರ ಹೇಳುತ್ತೇನೆ: ನಲವತ್ತು ಸಾವಿರ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೆಂಪು-ಕಪ್ಪು ಬಟ್ಟೆಯ ಸಮುದ್ರ. ನಡುವೆ ಬಿಳಿಯ ಜರತಾರಿ ಹೊದ್ದು ಅಡ್ವೊವಾ ಮಲಗಿದ್ದಳು. ಮುಂದಿನ ಕುರ್ಚಿಯಲ್ಲಿ ಟ್ವುಮಾಸಿ. ಬಂದವರೆಲ್ಲ ಸಾಲಾಗಿ ಅವನ ಕೈಹಿಡಿದು, "ಧೈರ್ಯ ತಂದ್ಕೊಳ್ಳಿ ಮಾಸ್ಟ್ರೇ, ಏನ್ ಮಾಡೋಕಾಗುತ್ತೆ, ನೀವು ನಿಮ್ಮ ಕೈಲಾದಷ್ಟೂ ಮಾಡ್ಲಿಲ್ಲ," ಎಂದು ಸಮಾಧಾನ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿದ. ಮುಖ್ಯ ಶೋಕಾರ್ತ ಹೆಣ ಬಿಟ್ಟು ಎದ್ದು ಹೋದರೆ ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ.

ಆಮೇಲೆ ಅಕ್ಕ ಮೈಕು ಹಿಡಿದಳು.

"ಕೇಳ್ರಪ್ಪೋ ಕೇಳ್ರಿ! ಗಾಜಿನ ಅಂಗಡಿಯವರಿಂದ ಸತ್ತವಳಿಗೆ ಒಂದು ಎಡಗಣ್ಣು!"

ಚಪ್ಪಾಳೆ. ನಾನು ಕಾದಿದ್ದು ಇದಕ್ಕೇ. ನಮ್ಮಲ್ಲಿ ಸಾವಿನ ಮನೆಗೆ ಬಂದವನು ಬರಿಗೈಯಲ್ಲಿ ಬರುವಂತಿಲ್ಲ; ಕೊಟ್ಟದ್ದನ್ನು ಹೆಸರು ಹಿಡಿದು ಕೂಗಬೇಕು, ಕೂಗಿದ್ದು ನೆರೆಮನೆಯವನಿಗೆ ಕೇಳಿಸಬೇಕು. ಸುತ್ತಲಿದ್ದ ಬಿಡಿಭಾಗದ ಅಂಗಡಿಯವರಲ್ಲಿ ಒಬ್ಬನ ಹೆಸರು ಮೈಕಲ್ಲಿ ಬಂದಾಗ ಇನ್ನೊಬ್ಬನಿಗೆ ಕೂರಲಾಗಲಿಲ್ಲ. ಒಂದು ಬಲಗಣ್ಣು ಬಂತು. ಬಾಗಿಲಿನ ಹಿಡಿ ಬಂತು. ಹಳದಿ ಬಣ್ಣದ ಡಬ್ಬ ಬಂತು, ಅದನ್ನು ಮೀರಿಸಲು ಎರಡು ಡಬ್ಬ, ಅದನ್ನೂ ಮೀರಿಸಲು ಒಂದು ಡ್ರಮ್ಮು. ಬಂಪರುಗಳೇ ಹದಿನೇಳು.

ಅಷ್ಟರಲ್ಲಿ ಬೆಡಿಯಾಕೊ ಬಂದ. ಹೊಸ ಕೆಂಪು-ಕಪ್ಪು ಬಟ್ಟೆ ಹೊಲಿಸಿಕೊಂಡು ಬಂದಿದ್ದ. ಅಡ್ವೊವಾ ಖಂಡಿತ ಸತ್ತಿದ್ದಾಳೆ ಎಂದು ಕಣ್ಣಾರೆ ನೋಡಿ ಹೋಗುವುದು ಅವನ ಆಸೆ.

"ಪಾಪ ಕಣೋ ದಪಾ," ಎಂದ, ಹಲ್ಲು ಮುಚ್ಚಿಕೊಳ್ಳಲು ಆಗದೆ. "ಒಳ್ಳೇ ಹೆಂಗ್ಸು."

ಅಕ್ಕ ಮೈಕಲ್ಲಿ, "ನಮ್ಮ ನಿಲ್ದಾಣದಿಂದ ಇನ್ನೂ ಯಾರೂ ಏನೂ ಕೊಟ್ಟಿಲ್ಲ ಅಂತ ತಿಳಿಸೋಕೆ ನಾಚಿಕೆಯಾಗುತ್ತೆ!" ಎಂದಳು. ನಲವತ್ತು ಸಾವಿರ ತಲೆಗಳು ಅವನ ಕಡೆ ತಿರುಗಿದವು. ಬೆಡಿಯಾಕೊ ಬೆವೆತು, ಅಂಗಡಿಗೆ ಓಡಿ, ಹಿಂದಿನ ದೀಪವೊಂದನ್ನು ತಂದು ಕೊಟ್ಟ.

ಕೊನೆಗೆ ಅಕ್ಕ ದನಿ ತಗ್ಗಿಸಿದಳು. ಅವಳ ತಗ್ಗಿಸಿದ ದನಿ ಅಕ್ರಾದವರೆಗೆ ಮಾತ್ರ ಕೇಳುತ್ತದೆ. "ಈಗ ಮುಖ್ಯ ಶೋಕಾರ್ತರು. ಮಾಸ್ಟರ್ ಟ್ವುಮಾಸಿಯವರಿಂದ... ಏನು?"

ಸುವಾಮೆಯ ಸುತ್ತಿಗೆಗಳೆಲ್ಲ ನಿಂತವು. ಟ್ವುಮಾಸಿ ಕಣ್ಣುಗಳನ್ನು ನೋಡಿದ, ಬಾಗಿಲ ಹಿಡಿಯನ್ನು ನೋಡಿದ, ಬಣ್ಣದ ಡ್ರಮ್ಮನ್ನು ನೋಡಿದ. ಅದಿಲ್ಲ ಇದಿಲ್ಲ ಎಂದು ನೆಪ ಹೇಳಲು ಒಂದು ಮೊಳೆಯೂ ಬಾಕಿ ಉಳಿದಿರಲಿಲ್ಲ. ಎದ್ದು ನಿಂತು, ಹೊದ್ದ ಬಟ್ಟೆಯನ್ನು ಸೊಂಟಕ್ಕೆ ಬಿಗಿದ.

"ನನ್ನ ಕೈಕೆಲಸ!" ಎಂದು ಅರಚಿದ. "ಈಗ್ಲೇ! ಇಲ್ಲೇ! ಕೂಗೇ ತಾಯಿ, ಜೋರಾಗಿ ಕೂಗು!"

ಆಮೇಲೆ ಅವನು ಬಡಿದ ಬಡಿತಕ್ಕೆ ವಾದ್ಯದವರು ತಾಳ ಕೊಟ್ಟರು, ಮುದುಕಿಯರು ಎದ್ದು ಅಡೋವಾ ಎಂಬ ಸಾವಿನ ಮನೆಯ ಕುಣಿತ ಕುಣಿದರು. ಸಂಜೆಯೊಳಗೆ ಅಡ್ವೊವಾಳ ಎಡಗೆನ್ನೆ ಹೊರಗೆ ಬಂತು. ಭಾನುವಾರ ಚರ್ಚಿನಿಂದ ನೇರ ಬಂದು ಬಣ್ಣ ಹೊಡೆದ. ಆದರೆ ಆ ಧೂಳುಗಾಳಿ ಮಾತ್ರ ಸುಳ್ಳಾಗಿರಲಿಲ್ಲ, ಮತ್ತೆ ಬೀಸಿತು. ಉಜ್ಜಿ ಮತ್ತೊಮ್ಮೆ ಹೊಡೆಯಬೇಕಾಯಿತು. ಸೋಮವಾರ ತೊಂಬತ್ತೊಂದನೆಯ ದಿನ. ಅಡ್ವೊವಾಳ ಮೈ ಇನ್ನೂ ಹಸಿ.

ನಡೆದುಕೊಂಡೇ ನಿಲ್ದಾಣಕ್ಕೆ ಹೋದೆ. ಬೆಡಿಯಾಕೊ ಆಗಲೇ ನನ್ನ ಜಾಗದಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಕೂತು, ಕಾಲಾಡಿಸುತ್ತಿದ್ದ. ಒಪಾನಿನ್ ಅಡುಸೆ ಪುಸ್ತಕ ತೆರೆದರು.

"ತೊಂಬತ್ತು ದಿನ ಆಯ್ತು ಯಜಮಾನ್ರೇ," ಎಂದ ಬೆಡಿಯಾಕೊ. "ಮುಗೀತು. ಹೆಸರು ಹೊಡೀರಿ."

ಅಧ್ಯಕ್ಷರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಶನಿವಾರ ಎಲ್ಲಿದ್ದೆ?"

"ಸುವಾಮೇಲಿ."

"ಏನ್ ಹೊದ್ಕೊಂಡಿದ್ದೆ?"

"ಕೆಂಪು-ಕಪ್ಪು..."

"ಏನ್ ಕೊಟ್ಟೆ?"

"ಹಿಂದಿನ ದೀಪ."

"ಮೈಕಲ್ಲಿ ನಿನ್ ಹೆಸರು ಕೂಗಿದ್ರಾ?"

"ಕೂಗಿದ್ರು. ಎರಡು ಸಲ."

"ಎರಡು ಸಲ ಯಾಕೆ?"

"ಮೊದಲ್ನೇ ಸಲ ಹಿಂದಿನವ್ರಿಗೆ ಸರಿಯಾಗಿ ಕೇಳಿಸ್ಲಿಲ್ಲ ಅಂತ... ನಾನೇ ಇನ್ನೊಂದ್ಸಲ ಕೂಗ್ಸಿದೆ."

ಅಧ್ಯಕ್ಷರು ಪುಸ್ತಕ ಮುಚ್ಚಿದರು. "ಸಾವಲ್ಲ ಅಂತಿದ್ರೆ ಹೋಗಿದ್ದೇಕೆ? ಹೋಗಿ ಕೈಯಾರೆ ಕೊಟ್ಟ ಮೇಲೆ ದಪಾನ ಮನೇಲಿ ಸಾವಾಗಿದೆ ಅಂತ ನೀನೇ ಒಪ್ಕೊಂಡ ಹಾಗಾಯ್ತು. ನಲವತ್ತು ದಿನ ಆ ಜಾಗ ಯಾರೂ ಮುಟ್ಟೋ ಹಾಗಿಲ್ಲ. ತೆಗಿ ನಿನ್ ಡಬ್ಬ!"

ಇದೆಲ್ಲ ನಾನು ಮೊದಲೇ ಲೆಕ್ಕ ಹಾಕಿದ್ದೆ ಎಂದು ಅವತ್ತು ಸಂಜೆಯಿಂದ ಎಲ್ಲರಿಗೂ ಹೇಳುತ್ತಿದ್ದೇನೆ. ಈಗ ನನಗೂ ಹಾಗೆಯೇ ನೆನಪಾಗುತ್ತದೆ.

ಮಂಗಳವಾರ ಅಡ್ವೊವಾ ಹೊರಬಂದಳು. ಅವಳ ಹೊಳಪಿಗೆ ಸೂರ್ಯ ಎರಡು ಸಲ ಕಣ್ಣುಜ್ಜಿಕೊಂಡ. ನಾನು ಸುತ್ತು ಹಾಕಿ ಹಿಂದಕ್ಕೆ ಬಂದೆ. ಹಿಂದಿನ ಗಾಜಿನ ಮೇಲೆ 'ನನ್ನ ಮುಂದೆ ಯಾರು?' ಇರಲಿಲ್ಲ. ಅದನ್ನು ಕೆರೆದು, ಬಲು ಅಂದವಾದ ಅಕ್ಷರದಲ್ಲಿ, ಹೂಬಳ್ಳಿಯ ಅಂಚು ಬರೆದು, ಟ್ವುಮಾಸಿ ಎರಡೇ ಪದ ಬರೆದಿದ್ದ: 'ನಾಳೆ ಬಾ'.

"ಏನ್ ಮಾಸ್ಟ್ರೇ ಇದು!"

"ಪೋಸ್ಟರ್ ನೀನು ಬರೆಸ್ದೆ, ಇದು ನಾನು ಬರೆದೆ," ಎಂದ, ಕುಂಚ ಒರೆಸುತ್ತ. "ಹಿಡಿಸ್ಲಿಲ್ಲ ಅಂದ್ರೆ ಗಾಡಿ ಬಿಟ್ಟೋಗು. ಅಳಿಸಿ ಕೊಡ್ತೀನಿ. ಮೂರೇ ದಿನ."

ಕೀಲಿ ತಿರುಗಿಸಿ, ಸುವಾಮೆಯಿಂದ ನಿಲ್ದಾಣದವರೆಗೆ ಎಲ್ಲೂ ಬ್ರೇಕು ಮುಟ್ಟದೆ ಹಾರಿದೆ; ಹೋಗಿ ಮೊದಲನೆಯ ಜಾಗದಲ್ಲಿ ನಿಲ್ಲಿಸಿದೆ. ಬೆಡಿಯಾಕೊ ತನ್ನ ಡಬ್ಬವನ್ನು ಹಿಂದೆ ತಂದು ನಿಲ್ಲಿಸಿದ. ಕನ್ನಡಿಯಲ್ಲಿ ನೋಡಿದೆ. ಅವನ ತುಟಿ ಮೆಲ್ಲಗೆ ಅಲುಗುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಓದಿ ಮುಗಿಸಿ, ಹಣೆಯನ್ನು ಸ್ಟಿಯರಿಂಗಿಗೆ ಆನಿಸಿದ.

ಆ ಬರಹವನ್ನು ಅಳಿಸಲು ನಾನು ಯಾರಿಗೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಅವನಿಗೆ ಚೆನ್ನಾಗಿ ಕಾಣಲಿ ಎಂದು, ಬೇರೆ ಗಾಜು ಮರೆತರೂ, ಆ ಗಾಜನ್ನು ಮಾತ್ರ ಒರೆಸಿಯೇ ಸಾಲಿಗೆ ಹೋಗುತ್ತೇನೆ.