ಅಂದಾಜಿನ ತೂಕ

ಬೆಳಗ್ಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸುತ್ತುತ್ತಿದ್ದೆ. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಮೇಲಿನ ಕಚೇರಿಯ ಡಾಕ್ಟರಮ್ಮ ತಪಾಸಣೆಗೆ ಬರುವ ದಿನ. ನಮ್ಮ ತಾಯಿ-ಮಕ್ಕಳ ಆರೋಗ್ಯ ಕೇಂದ್ರ ಸಂಜೆಯೂ ತೆರೆದಿರಲಿ ಎಂದು ಒಂದು ವರ್ಷದಿಂದ ಅರ್ಜಿ ಬರೆದು ಬರೆದು ನನ್ನ ಕೈ ಸೋತಿತ್ತು. ಸುತ್ತಮುತ್ತಲಿನ ತಾಯಂದಿರಲ್ಲಿ ಅರ್ಧಕ್ಕರ್ಧ ಬಟ್ಟೆ ಕಾರ್ಖಾನೆಯವರು. ನಾವು ಬಾಗಿಲು ತೆರೆಯುವಾಗ ಅವರು ಹೊಲಿಗೆ ಮೆಷಿನ್ ಮುಂದೆ ಕೂತಾಗಿರುತ್ತದೆ, ಅವರು ಎದ್ದು ಬರುವಷ್ಟರಲ್ಲಿ ನಾವು ಬೀಗ ಹಾಕಿರುತ್ತೇವೆ. ಇದು ತಿಳಿಯಲು ಡಾಕ್ಟರಿಕೆ ಓದಬೇಕೇ?

ಇನ್ನೊಂದು ನಿಯಮ ಬೇರೆ. ಎರಡು ತಿಂಗಳು ಮಗುವನ್ನು ತೂಕಕ್ಕೆ ತರದಿದ್ದರೆ ಪೌಷ್ಟಿಕ ಹಿಟ್ಟಿನ ಪೊಟ್ಟಣ ಬಂದ್. ಬರೆದ ಪುಣ್ಯಾತ್ಮರು ಕಂಕುಳಲ್ಲಿ ಮಗು ಇಟ್ಟುಕೊಂಡು ಎರಡು ಬಸ್ಸು ಹತ್ತಿ ಇಳಿದವರಲ್ಲ. ಅದಕ್ಕೇ ನಾನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿಕೊಂಡಿದ್ದೆ. ಅಜ್ಜಿಯೋ ಅತ್ತೆಯೋ ಮಗುವಿಲ್ಲದೆ ಬರೀ ಚೀಲ ಹಿಡಿದು ಬಂದರೆ, ಹಿಂದಿನ ತಿಂಗಳ ತೂಕಕ್ಕೆ ಮುನ್ನೂರು ಗ್ರಾಂ ಸೇರಿಸಿ ರಿಜಿಸ್ಟರಿನಲ್ಲೂ ಅವರು ತಂದ ಬೆಳವಣಿಗೆ ಕಾರ್ಡಿನಲ್ಲೂ ಬರೆದು, ಕಾರ್ಡಿನಲ್ಲಿ ಚುಕ್ಕೆಯಿಟ್ಟು ಗೆರೆ ಎಳೆದು, ಪೊಟ್ಟಣ ಕೊಟ್ಟು ಕಳಿಸುತ್ತಿದ್ದೆ. ಬಾಯಿ ತುಂಬ ಬೈಯುತ್ತಿದ್ದೆ, ಕೈ ಬರೆಯುತ್ತಿತ್ತು. ಪುಣ್ಯದ ಕೆಲಸವೆಂದೇ ನಂಬಿದ್ದೆ.

ಡಾಕ್ಟರಮ್ಮ ಬಂದವರೇ ರಿಜಿಸ್ಟರ್ ಬಿಡಿಸಿದರು.

"ನೂರಕ್ಕೆ ತೊಂಬತ್ತೆಂಟು ಹಾಜರಿ! ಎಲ್ಲರೂ ಬೆಳಗ್ಗೆನೇ ಬರ್ತಿದಾರಲ್ಲ ಸಿಸ್ಟರ್, ಸಂಜೆ ಕೇಂದ್ರ ಯಾಕೆ ಬೇಕು ನಿಮಗೆ?"

ನಾನೇ ತೋಡಿದ ಗುಂಡಿ. ನೀರು ತರುವ ನೆಪದಲ್ಲಿ ಎದ್ದೆ, ತರದೆಯೇ ವಾಪಸ್ ಬಂದೆ.

ಅಷ್ಟರಲ್ಲಿ ಬಾಗಿಲಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು, ಕೂದಲಲ್ಲಿ ನೂಲಿನ ಚೂರು, ಹೆಗಲ ಮೇಲೆ ಮಗು. ಕಾರ್ಖಾನೆಯಲ್ಲಿ ಕರೆಂಟು ಹೋಗಿ ಆ ದಿನ ರಜೆ ಕೊಟ್ಟಿದ್ದರಂತೆ. ಮೂರು ತಿಂಗಳಿಂದ ಪೊಟ್ಟಣಕ್ಕೆ ಬರುತ್ತಿದ್ದುದು ಅವಳ ತಾಯಿ, ಮಂಡಿನೋವಿನ ಮುದುಕಿ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು.

ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದೆ. ಆರು ಕಿಲೋ ನೂರು ಗ್ರಾಂ. ಹೋದ ತಿಂಗಳು ನನ್ನ ಕೈಯಾರೆ ಬರೆದದ್ದು ಏಳು ಕಿಲೋ ನಾನೂರು.

ಡಾಕ್ಟರಮ್ಮ ಕುರ್ಚಿಯಿಂದ ಏಳಲಿಲ್ಲ. ಅವರ ಕಣ್ಣು ಕಾರ್ಡಿನ ಮೇಲಿತ್ತು.

"ತಕ್ಕಡಿ ಕೆಟ್ಟಿದೆ. ಗೆರೆ ನೋಡಿ, ಎಷ್ಟು ಚೆನ್ನಾಗಿ ಏರ್ತಾ ಬಂದಿದೆ. ರಿಪೇರಿಗೆ ಬರೀತೀನಿ ಬಿಡಿ."

"ಹೌದು ಮೇಡಂ" ಎಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ತಣ್ಣನೆಯ ತಟ್ಟೆಯಲ್ಲಿ ಮಲಗಿಸಿದ ಮೇಲೂ ಆ ಮಗು ಅಳಲಿಲ್ಲ. ಇಪ್ಪತ್ತು ವರ್ಷದಿಂದ ತೂಗುತ್ತಿದ್ದೇನೆ, ಅಳುವ ಮಕ್ಕಳಿಗೆ ನಾನು ಹೆದರಿದ್ದಿಲ್ಲ. ಅಳದ ಮಗುವನ್ನು ಕಂಡರೆ ನನಗೆ ಜೀವವೇ ಬಾಯಿಗೆ ಬರುತ್ತದೆ.

"ತಕ್ಕಡಿ ಸರಿಯಾಗಿದೆ ಮೇಡಂ. ಕಾರ್ಡೇ ಸುಳ್ಳು. ಮೂರು ತಿಂಗಳಿಂದ ಮಗು ಇಲ್ಲಿಗೆ ಬಂದೇ ಇಲ್ಲ. ನಾನೇ ಅಂದಾಜಿಗೆ ಬರೆದೆ."

"ಇಂಥವು ಎಷ್ಟಿವೆ?"

"ಇದೂ ಸೇರಿ ಹದಿನೇಳು."

ಡಾಕ್ಟರಮ್ಮ ಆಗ ಎದ್ದರು. ಮಗುವಿನ ಕಣ್ಣರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆಯ ಚರ್ಮ ಎಳೆದು ಬಿಟ್ಟರು. ಅದು ಮತ್ತೆ ಕೂರಲು ಹೊತ್ತು ಹಿಡಿಯಿತು.

"ಆಂಬುಲೆನ್ಸ್ ಕರೀರಿ, ಈಗಲೇ ಅಡ್ಮಿಟ್ ಆಗ್ಬೇಕು. ಉಳಿದ ಹದಿನಾರು ಮನೆಗೂ ಇವತ್ತೇ ಹೋಗಿ. ನಿಜವಾದ ಹಾಜರಿ ಬರೆದು ಕಳಿಸಿ, ಸಂಜೆ ಕೇಂದ್ರದ ಅರ್ಜಿ ಅದರ ಜೊತೆ ನೋಡ್ತೀನಿ. ನಿಮ್ಮ ವಿಚಾರಣೆ ಆಮೇಲೆ."

ಬೈಗುಳಕ್ಕೆ ನಾನು ಸಿದ್ಧಳಿದ್ದೆ. ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದೆ. ಹುಡುಗಿಯ ಕಡೆ ನೋಡುವ ಧೈರ್ಯ ಮಾತ್ರ ಇರಲಿಲ್ಲ.

"ಅಮ್ಮ ಮಗೂನ ಕರ್ಕೊಂಡು ಬರ್ತಿರಲಿಲ್ವಾ ಅಕ್ಕಾ?" ಎಂದಳು.

"ಚೀಲ ಮಾತ್ರ ತರ್ತಿದ್ರಮ್ಮ."

ಅವಳು ಮಗುವನ್ನು ಎತ್ತಿಕೊಂಡಳು. ದನಿ ಏರಿಸಲಿಲ್ಲ.

"ಎರಡು ಸಲ ಭೇದಿ ಆಗಿತ್ತು. ಹೋದ ಭಾನುವಾರ ಸ್ನಾನ ಮಾಡಿಸುವಾಗ ಪಕ್ಕೆಲುಬು ಕೈಗೆ ಸಿಕ್ತು ಅಕ್ಕಾ. ಗಾಬರಿಯಾಗಿ ಕಾರ್ಡ್ ತೆಗೆದು ನೋಡಿದೆ. ಗೆರೆ ಮೇಲಕ್ಕೇ ಹೋಗಿತ್ತು. ಓದಿದವರು ತೂಗಿ ಬರೆದಿದಾರೆ, ನನ್ನ ಕಣ್ಣಿಗೇನು ಗೊತ್ತಾಗುತ್ತೆ ಅಂದ್ಕೊಂಡೆ. ರಜೆ ಕೇಳದೆ ಸೋಮವಾರ ಕೆಲಸಕ್ಕೆ ಹೋದೆ."

ಹೊರಗೆ ಗಾಡಿ ಬಂತು. ಮಗುವನ್ನು ಬೆಚ್ಚಗೆ ಸುತ್ತಿ ಕೊಡೋಣವೆಂದು ಕೈ ಚಾಚಿದೆ. ಅವಳು ಕೊಡಲಿಲ್ಲ.