ಫೋನು ಓದಲಾಗದ ಪಾಠ

ಕೋಮಲಾ ಬೆಳಗ್ಗೆಯಿಂದ ಜಗಲಿಯ ಮೇಲೆ ಕೂತು ಫೋನನ್ನು ಕಿವಿಗೆ ಹಿಡಿದಿದ್ದಳು. ಫೋನು ಒಂದೇ ಮಾತು ಹೇಳುತ್ತಿತ್ತು, "ಚಿತ್ರ." ಬೆರಳು ಸರಿಸಿದರೆ ಮತ್ತೆ, "ಚಿತ್ರ."

ಕೋಮಲಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಚಿಕ್ಕನಾಯಕನಹಳ್ಳಿ ಹತ್ತಿರದ ಹಟ್ಟಿಯಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಬಿ.ಎ. ಓದುತ್ತಾಳೆ. ಪರದೆಯ ಮೇಲಿನ ಅಕ್ಷರವನ್ನು ಅವಳ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಗೆಳತಿಯ ಮೆಸೇಜು, ಹವಾಮಾನದ ಸುದ್ದಿ, ಎಲ್ಲವನ್ನೂ ಓದುತ್ತದೆ. ಕಾಲೇಜಿನ ವೆಬ್‌ಸೈಟಿನಲ್ಲಿರುವ ಇತಿಹಾಸದ ಪಾಠ ಬಂದಾಗ ಮಾತ್ರ ಅದರ ಬಾಯಿ ಕಟ್ಟಿಹೋಗುತ್ತದೆ. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು.

ತಾಯಿ ಕಾಟಮ್ಮ ಫೋನು ಈಸಿಕೊಂಡರು. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ನಮ್ಮ ಕಡೆಯ ರೂಢಿ. ಕಾಟಮ್ಮ ಫೋನನ್ನೂ ಹಾಗೇ ಅಲ್ಲಾಡಿಸಿದರು. ಪಾಪ, ಅವರಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ.

"ಒಳಗೇನೋ ಕೆಟ್ಟೋಗದೆ ಕಣೇ. ಇದನ್ನ ನಂಬ್ಕೊಂಡು ಎಷ್ಟು ದಿನ ಓದ್ತೀಯ? ಸೋಮವಾರ ನಾನೂ ಬತ್ತೀನಿ. ಟಿ.ಸಿ. ಈಸ್ಕೊಂಡು ಬಂದ್ಬುಡಾನ."

ಓದಿ ಟೀಚರ್ ಆಗಬೇಕೆಂದಿದ್ದ ಹುಡುಗಿಗೆ ಅಳು ಬಂದಿತ್ತು.

ಅಷ್ಟರಲ್ಲಿ ದಾನೇಶ್ವರಿ ಬಂದರು. ಇವರು ಪಂಚಾಯಿತಿ ಕಡೆಯಿಂದ ಅಂಗವಿಕಲರ ಮನೆಗಳಿಗೆ ಹೋಗಿ ವಿಚಾರಿಸುವ ಕಾರ್ಯಕರ್ತೆ. ಕೋಮಲಾ ಹೇಳಿದ್ದನ್ನೆಲ್ಲ ಕೇಳಿ, ಫೋನು ತೆಗೆದುಕೊಂಡು ನೋಡಿದರು.

"ಫೋನ್ ಚೆನ್ನಾಗೈತೆ ಕಣಕ್ಕ. ಮೇಷ್ಟ್ರು ಪಾಠನ ಕೈಯಲ್ಲಿ ಬರ್ದು ಫೋಟೊ ಹೊಡ್ದು ಹಾಕವ್ರೆ. ನಮ್ಮ ಕಣ್ಣಿಗೆ ಅದು ಅಕ್ಷರ, ಫೋನ್‌ಗೆ ಬರೀ ಚಿತ್ರ. ಅದೆಂಗೆ ಓದಾತು?"

"ಅಂಗಂತ ಮೇಷ್ಟ್ರಿಗೆ ಹೇಳಾಕಾಯ್ತದಾ? ಕ್ವಾಪ ಮಾಡ್ಕೊಂಡ್ರೆ?" ಎಂದರು ಕಾಟಮ್ಮ.

"ಮಾಡ್ಕೊಳ್ಲಿ ಬುಡು. ಓದೋಕಾಗೋ ಥರ ಪಾಠ ಕೊಡಿ ಅಂತ ಕೇಳೋದು ಇವಳ ಹಕ್ಕು. ಅದಕ್ಕೆ ಕಾನೂನೇ ಐತೆ. ಹೆಂಗೂ ಸೋಮವಾರ ಹೊಂಟಿದ್ದೀಯ, ನಾನೂ ಬತ್ತೀನಿ ನಡಿ."

ಸೋಮವಾರ ಮೂವರೂ ಕಾಲೇಜಿಗೆ ಹೋದರು. ಇತಿಹಾಸದ ಮೇಷ್ಟ್ರು ರಂಗರಾಜು ಒಳ್ಳೆಯವರೇ. ಅವರ ಕೈಬರಹ ಮುತ್ತು ಪೋಣಿಸಿದಂತಿತ್ತು. ಅದರ ಮೇಲೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

"ಒಬ್ಬಳಿಗೋಸ್ಕರ ಎಲ್ಲಾನೂ ಟೈಪ್ ಮಾಡಬೇಕು ಅಂದ್ರೆ ಕಷ್ಟ ಕಣಮ್ಮ," ಎಂದರು.

ಕೋಮಲಾ ಫೋನನ್ನು ಅವರ ಮೇಜಿನ ಮೇಲಿಟ್ಟು ಪಾಠ ತೆರೆದಳು. "ಚಿತ್ರ," ಎಂದಿತು ಫೋನು.

"ನೀವು ಅಷ್ಟೊಂದು ಬರೆದಿದ್ರಲ್ಲಿ ನಂಗೆ ಸಿಗೋದು ಇಷ್ಟೇ ಸಾರ್," ಎಂದಳು.

ಮೇಷ್ಟ್ರು ತಾವೇ ಒಮ್ಮೆ ಬೆರಳು ಸರಿಸಿ ನೋಡಿ, ಒಂದು ಪಾಠ ಟೈಪ್ ಮಾಡಿ ನೋಡುತ್ತೇನೆ ಎಂದರು. ಹೊರಡುವಾಗ ಕಾಟಮ್ಮ ಕೈಮುಗಿದು, "ಆಗ್ನಿಲ್ಲ ಅಂದ್ರೆ ಟಿ.ಸಿ. ಕೊಟ್ಬುಡಿ ಸ್ವಾಮಿ," ಎಂದರು.

ಆ ವಾರವೇ ಪಾಠ ಬಂತು. ಆದರೆ ಫೋನು ಈಗ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಿಲ್ಲದೆ ಬಡಬಡಿಸತೊಡಗಿತು.

"ಇದ್ಯಾವ ದೇಶದ ಮಾತೇ?" ಎಂದು ಕಾಟಮ್ಮ ಬೆರಗಾದರು.

ವಿಷಯ ತಿಳಿದು ಬಂದು ನೋಡಿದ ದಾನೇಶ್ವರಿ ನಗುತ್ತಲೇ ಮೇಷ್ಟ್ರಿಗೆ ಫೋನ್ ಮಾಡಿದರು. "ಸಾರ್, ಹಳೇ ಫಾಂಟಲ್ಲಿ ಟೈಪ್ ಮಾಡಿದೀರ. ನೋಡೋಕೆ ಕನ್ನಡ, ಕಂಪ್ಯೂಟರ್ ಲೆಕ್ಕಕ್ಕೆ ಇಂಗ್ಲಿಷ್ ಅಕ್ಷರ. ಅದನ್ನ ಯೂನಿಕೋಡ್‌ಗೆ ಬದಲಾಯಿಸಿ, ಆಗ ಫೋನ್‌ಗೂ ಅದು ಕನ್ನಡ ಅಂತ ಗೊತ್ತಾಗ್ತದೆ. ಮತ್ತೆ ಟೈಪ್ ಮಾಡೋದೇನೂ ಬೇಡ, ಬದಲಾಯಿಸೋ ಸೌಲಭ್ಯ ಇಂಟರ್‌ನೆಟ್ಟಲ್ಲೇ ಸಿಗ್ತದೆ. ನಕ್ಷೆ ಇರೋ ಕಡೆ ಅದ್ರಲ್ಲಿ ಏನೈತೆ ಅಂತ ಎರಡು ಮಾತು ಬರೀರಿ."

ಇಷ್ಟು ವರ್ಷ ಇದೇ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಮಾಡಿದ್ದೇನೆ, ಯಾರೂ ತಕರಾರು ಎತ್ತಿರಲಿಲ್ಲ ಎಂದು ಮೇಷ್ಟ್ರು ಗೊಣಗಿದರು. ಗೊಣಗುತ್ತಲೇ ಮಾಡಿದರು.

ಭಾನುವಾರ ಸಂಜೆ ಫೋನು ಸ್ಪಷ್ಟವಾಗಿ ಹೇಳಿತು, "ತಾಳಿಕೋಟೆ ಯುದ್ಧಕ್ಕೆ ಕಾರಣಗಳು." ಕೋಮಲಾಗೆ ಎಷ್ಟು ಖುಷಿಯಾಯಿತೆಂದರೆ ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದಿಸಿದಳು. ಕೃಷ್ಣಾ ನದಿ ಎಲ್ಲಿ, ವಿಜಯನಗರ ಯಾವ ದಿಕ್ಕಿಗೆ ಎಂದು ನಕ್ಷೆಯ ವಿವರವೂ ಬಂತು. ಕುರಿಮರಿಗಳಿಗೆ ಸೊಪ್ಪು ಹಾಕಲು ಎದ್ದಿದ್ದ ಕಾಟಮ್ಮ ಅಲ್ಲೇ ಕೂತುಬಿಟ್ಟರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಗಳು ಓದುವುದು ಏನು ಎಂದು ಅವರಿಗೆ ತಿಳಿದದ್ದು ಅದೇ ಮೊದಲು.

ಎರಡೂ ಕಡೆಯ ಸೈನ್ಯ ಎದುರುಬದುರು ನಿಂತಲ್ಲಿಗೆ ಪಾಠ ಮುಗಿಯಿತು.

"ಯಾಕೆ ನಿಂತೋಯ್ತು?" ಎಂದರು ಕಾಟಮ್ಮ.

"ಮುಂದಿನ ಪಾಠ ಇನ್ನೂ ಫೋಟೊ ಕಣಮ್ಮ."

"ಮೇಷ್ಟ್ರಿಗೆ ಫೋನ್ ಮಾಡ್ಕೊಡು ಇಲ್ಲಿ."

ಕೋಮಲಾ ಮಾಡಿಕೊಟ್ಟಳು. ಕಾಟಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು, "ಸ್ವಾಮಿ, ನಾನು ಕೋಮಲನ ಅವ್ವ. ಟಿ.ಸಿ. ಬ್ಯಾಡ. ಮುಂದಿನ ಪಾಠ ಕೊಡಿ."

ಪಾಠ ಹೇಳುವವರೇ, ಕಾಲೇಜು ವಿಶ್ವವಿದ್ಯಾಲಯಗಳ ವೆಬ್‌ಸೈಟ್ ನೋಡಿಕೊಳ್ಳುವವರೇ, ದಯವಿಟ್ಟು ಪಾಠವನ್ನು ಬರೀ ಫೋಟೊ ಮಾಡಿ ಹಾಕಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಚಿತ್ರಕ್ಕೆ ವಿವರ ಬರೆಯಿರಿ. ವಿಡಿಯೊ ಹಾಕಿದರೆ ಕಿವಿ ಕೇಳದವರೂ ಇದ್ದಾರೆಂದು ನೆನೆದು ಆಡಿದ ಮಾತನ್ನು ಕೆಳಗೆ ಬರಹದಲ್ಲಿ ಕೊಡಿ. ಹಾಕುವ ಮೊದಲು ಒಮ್ಮೆ ಕಣ್ಣು ಮುಚ್ಚಿಕೊಂಡು ನಿಮ್ಮ ಫೋನಿನಿಂದಲೇ ಅದನ್ನು ಓದಿಸಿ ಕೇಳಿ. ಅಪ್ಪ ಅಮ್ಮಂದಿರೇ, ಮಗುವಿನ ಓದು ಬಿಡಿಸಲು ಹೊರಡುವ ಮೊದಲು ಕಾಲೇಜಿಗೆ ಹೋಗಿ ಕೇಳಿ. ಕೇಳಲು ಸಂಕೋಚ ಬೇಡ. ನಿಮ್ಮ ಮಗುವಿಗೆ ಸಲ್ಲಬೇಕಾದ್ದನ್ನೇ ನೀವು ಕೇಳುತ್ತಿದ್ದೀರಿ.