ಪಾಸಿಗೆ ಹಚ್ಚಿದ ಕುಂಕುಮ

ಮಧ್ಯಾಹ್ನದಿಂದ ಹೆರಿಗೆ ನೋವಿಗೆ ಕೂಗುತ್ತಿದ್ದ ಲಾಲಮ್ಮ ಹೊತ್ತು ಇಳಿಯುವ ವೇಳೆಗೆ ಸುಮ್ಮನಾದಳು. ಕೂಗಿಗಿಂತ ಈ ಮೌನಕ್ಕೇ ದೇವಕಮ್ಮ ಹೆಚ್ಚು ಹೆದರಿದಳು. ಅತ್ತಿಗೆಯ ಕಾಲು ಬಾತಿದ್ದವು, ಕಣ್ಣು ಮೇಲೆ ಹೋಗಿ ಹೋಗಿ ಬರುತ್ತಿದ್ದವು. ಹೆರಿಗೆಗೆ ದವಾಖಾನೆಗೇ ಒಯ್ಯಿರಿ, ಒಂದು ಹೆಜ್ಜೆಯೂ ನಡೆಸಬೇಡಿರಿ ಎಂದು ನರ್ಸಮ್ಮ ಮೊದಲೇ ಹೇಳಿಹೋಗಿದ್ದಳು. ಆಂಬುಲೆನ್ಸು ಕಕ್ಕೇರಾ ಕಡೆಗೆ ಹೋಗಿತ್ತು. ಓಣಿಯ ಗಂಡಸರೆಲ್ಲ ಭತ್ತದ ಕೊಯ್ಲಿನಲ್ಲಿದ್ದರು.

ಅಣ್ಣ ಅಮರಪ್ಪನ ಫೋನು ಬಂತು. ಮನೆಗೆ ಬರುತ್ತಿದ್ದ ಅವನ ಸಾಮಾನು ಆಟೋವನ್ನು ಹಳೇ ಊರಿನ ಹೆಬ್ಬಾಗಿಲಲ್ಲಿ, ಅಗಸಿಯಲ್ಲಿ, ತಡೆದಿದ್ದರು. ಪಾಸಿನ ನಂಬರು ಕಾಣುವುದಿಲ್ಲ, ಇದು ಕಳ್ಳ ಪಾಸು ಎನ್ನುತ್ತಾರೆ ಎಂದವನ ದನಿ ಒಡೆದಿತ್ತು.

ಆ ಪಾಸು ಕೆಡಿಸಿದವಳು ದೇವಕಮ್ಮನೇ.

ಕಾಲುವೆ ನೀರು ಬಂದಮೇಲೆ ಸುರಪುರದ ಸುತ್ತ ಭತ್ತ ಬಂತು, ಭತ್ತದ ಬೆನ್ನಿಗೆ ಟ್ರ್ಯಾಕ್ಟರು, ಲಾರಿ ಬಂದವು. ಅವು ಹಳೇ ಊರಿನ ಇಕ್ಕಟ್ಟು ಓಣಿಗಳಿಗೆ ನುಗ್ಗಿ, ಅಗಸಿಯ ಕಮಾನಿನ ಕಲ್ಲೇ ಬಿರಿದಿತ್ತು. ಅಂದಿನಿಂದ ಅಗಸಿಗೆ ಅಡ್ಡಗಂಬ ಬಿತ್ತು. ಒಳಗೆ ಮನೆ ಇದ್ದವರ ಗಾಡಿಗೆ ಮಾತ್ರ ಪಾಸು. ಅದನ್ನು ಗಾಜಿನ ಹೊರಗೆ ಅಂಟಿಸಿರಬೇಕು.

ಇವತ್ತು ಅಮಾಸಿ, ಗಾಡಿ ಪೂಜೆಯ ದಿನ. ಬೆಳಿಗ್ಗೆ ಅಮರಪ್ಪ ಗಾಡಿ ತೊಳೆದಿದ್ದ. ದೇವಕಮ್ಮ ಗಾಲಿಗಳಿಗೆ ವಿಭೂತಿ ಎಳೆದು ನಿಂಬೆಹಣ್ಣು ಕಟ್ಟಿದ್ದಳು. ಅನ್ನ ಕೊಡುವುದಕ್ಕೆಲ್ಲ ಕೈ ಮುಗಿಯಬೇಕು ಎಂದು ಅವ್ವ ತಿಮ್ಮವ್ವ ಮೊರಕ್ಕೂ ಕುಡುಗೋಲಿಗೂ ಅರಿಶಿನ ಹಚ್ಚುತ್ತಿದ್ದಳು. ಈ ಪಾಸೂ ಅನ್ನ ಕೊಡುವುದೇ ಅಲ್ಲವೇ ಎಂದುಕೊಂಡು ದೇವಕಮ್ಮ ಅದಕ್ಕೂ ಹಸಿ ಅರಿಶಿನ ಬಳಿದು ಕುಂಕುಮ ಇಟ್ಟಿದ್ದಳು. ಹೊರಗೆ ಹೋಗುವ ಗಾಡಿಯ ಪಾಸನ್ನು ಯಾರೂ ನೋಡುವುದಿಲ್ಲ. ಅರಿಶಿನದ ಹಸಿಗೆ ನಂಬರಿನ ಮಸಿ ಕದಡಿದ್ದು ತಿಳಿದದ್ದು ಈಗಲೇ.

ಅವ್ವ ಸೊಸೆಯ ಅಂಗಾಲು ತಿಕ್ಕುತ್ತಲೇ ಇದ್ದಳು. ದೇವಕಮ್ಮ ಚಪ್ಪಲಿ ಮೆಟ್ಟದೆ ಇಳಿಜಾರಿನಲ್ಲಿ ಓಡಿದಳು. ಏಳನೇ ಕ್ಲಾಸಿಗೆ ಸಾಲಿ ಬಿಟ್ಟವಳು ಅವಳು. ಕಿರಾಣಿ ಅಂಗಡಿಯವನು ಎರಡು ಸಲ ಕೇಳಿದರೆ ಮಾತು ಮರೆತು ನೆಲ ನೋಡುವವಳು. ಹೋದ ಸುಗ್ಗಿಯಲ್ಲಿ ಕಳ್ಳ ಪಾಸು ಅಂಟಿಸಿದ್ದ ಓಣಿಯ ತಾಯಪ್ಪನ ಗಾಡಿಯನ್ನು ಯಾದಗಿರಿಗೆ ಎಳೆದೊಯ್ದವರು ಇನ್ನೂ ಬಿಟ್ಟಿರಲಿಲ್ಲ. ಗಾಡಿ ಹೋದರೆ ಹೋಗಲಿ, ಅತ್ತಿಗೆ?

ಅಗಸಿಯ ಕೆಳಗೆ ಗಾಡಿಗಳು ಸಾಲುಗಟ್ಟಿದ್ದವು. ಕಾವಲಿನ ಮರಿಲಿಂಗಪ್ಪ ಗಂಬದ ಹಗ್ಗ ಹಿಡಿದೇ ನಿಂತಿದ್ದ. ಹೆಂಡತಿಗೆ ನೋವು ಎದ್ದಿದೆ ಎಂದು ಅಮರಪ್ಪ ಕೈ ಮುಗಿದರೂ ಅವನು ಕರಗಲಿಲ್ಲ. ನಿನ್ನೆ ಒಬ್ಬ ಹೀಗೇ, ತಾಯಿ ಸಾಯುತ್ತಿದ್ದಾಳೆಂದು ಅತ್ತು ಸಿಮೆಂಟು ಚೀಲ ಒಯ್ದನಂತೆ.

ದೇವಕಮ್ಮ ಸೆರಗು ಹಿಂಡುತ್ತ ಮುಂದೆ ಬಂದಳು.

"ಪಾಸಿಗಿ ನಾನs ಹಚ್ಚೀನ್ರಿ. ಅಮಾಸಿ ಅಂತ."

"ಪಾಸಿಗಿ ಯಾರರ ಕುಂಕುಮ ಹಚ್ತಾರೇನಬೇ?" ಎಂದ ಮರಿಲಿಂಗಪ್ಪ.

"ಹೋಳಿಗಿ ಎಡಿ ಮಾಡೂದೊಂದ ಬಾಕಿ ಉಳದೈತಿ ನೋಡ್ರಿ" ಎಂದು ಹಿಂದಿನ ಆಟೋದಿಂದ ಯೂನುಸ ಕೂಗಿದ. ಸಾಲೆಲ್ಲ ನಕ್ಕಿತು.

ದೇವಕಮ್ಮ ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಗಂಬದ ಬುಡ ಬಿತ್ತು. ಅಲ್ಲಿ ಒಡೆದ ಕಾಯಿಯ ಚಿಪ್ಪು, ಆರಿದ ಊದಿನಕಡ್ಡಿ. ಕೆಂಪು ಬಿಳಿ ಬಣ್ಣದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ನೀವೂ ಗಂಬಕ್ಕ ಹಚ್ಚೀರಲ್ರೀ" ಎಂದಳು, ನೆಲ ನೋಡುತ್ತಲೇ.

ನಗು ನಿಂತಿತು. ಮರಿಲಿಂಗಪ್ಪ ಗಂಬ ನೋಡಿದ, ತನ್ನ ಬೆರಳು ನೋಡಿಕೊಂಡ. ಆಮೇಲೆ ಹಗ್ಗ ಸಡಿಲಿಸಿದ.

"ಹೋಗು. ಖರೇನs ಬಸುರಿನ್ನ ಕರ್ಕೊಂಡು ಹೊರಗ ಬರೂತನ ಈಕಿ ಇಲ್ಲೇ ನಿಲ್ಲಬೇಕು, ಜಾಮೀನು."

ಅಮರಪ್ಪ ತಂಗಿಯತ್ತ ನೋಡಿದ. ಅವಳು ಹೋಗು ಎಂಬಂತೆ ಗೋಣು ಅಲ್ಲಾಡಿಸಿದಳು.

ಆಟೋ ಏರು ಹತ್ತಿ ಮರೆಯಾಯಿತು. ಅಷ್ಟು ಗಂಡಸರ ನಡುವೆ ಅವಳು ಗಂಬದ ಬುಡದಲ್ಲಿ ನಿಂತಳು. ತಲೆಯ ಮೇಲೆ ಬಿರಿದ ಕಮಾನು. ಹೊರಗೆ ಟ್ರ್ಯಾಕ್ಟರು ಗುರುಗುಟ್ಟಿದಾಗಲೆಲ್ಲ ಸುಣ್ಣದ ಪುಡಿ ಉದುರುತ್ತಿತ್ತು. ಅವಳ ಕಣ್ಣು ಮಾತ್ರ ಓಣಿಯ ತಿರುವು ಬಿಟ್ಟು ಕದಲಲಿಲ್ಲ. ತಡವಾಯಿತೇ? ಅವ್ವ ಅಳುವ ದನಿಯೇನಾದರೂ ಕೇಳುತ್ತಿದೆಯೇ?

ಆಟೋ ಇಳಿದು ಬಂತು. ಒಳಗಿನಿಂದ ಸಪ್ಪಳವಿಲ್ಲ. ಮರಿಲಿಂಗಪ್ಪ ಇಣುಕಿದವನು ಹಿಂದೆ ಸರಿದು ಗಂಬ ಪೂರ್ತಿ ಎತ್ತಿದ. ದೇವಕಮ್ಮನಿಗೆ ನೋಡುವ ಧೈರ್ಯ ಬರಲಿಲ್ಲ.

ಆಟೋಗೆ ಹೊದಿಸಿದ ತಾಡಪತ್ರಿಯ ಮರೆಯಿಂದ ಬಾತ ಕೈಯೊಂದು ಹೊರಬಂದು ಅವಳ ಸೆರಗು ಹಿಡಿಯಿತು.

"ನೀನೂ ಹತ್ತಬೇ" ಎಂದಳು ಲಾಲಮ್ಮ. "ಅಂಜಿಕಿ ಬರಾಕತ್ತೈತಿ."

ದೇವಕಮ್ಮ ಮರಿಲಿಂಗಪ್ಪನನ್ನು ಕೇಳಲೂ ಇಲ್ಲ. ಹತ್ತಿ, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಾಡಿ ದವಾಖಾನೆಯ ಹಾದಿ ಹಿಡಿಯಿತು. ಹಿಂದೆ ಗಂಬ ಮತ್ತೆ ಇಳಿದ ಸಪ್ಪಳ ಕೇಳಿಸಿತು.